ಇನ್ನೂರು ವರ್ಷದ ನಾಟಿ ಹಾಡು

"ರೀ! ಈ ಬ್ಲಾಗ್ ಬರದ ಮಹಾನುಭಾವ ನೀವೇನ್ರೀ?"

ಆ ಕೂಗಿಗೆ ಕುರುಗೋಡು ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿ ಗಡಗಡ ನಡುಗಿತು. ಯಂತ್ರವಂತೂ ಹೆದರಿ ತಾನಾಗಿಯೇ ಮೂರು ಪ್ರತಿ ಉಗುಳಿತು! ಪೂಜಿತಾಳ ಸಿಟ್ಟಿಗೆ ಬಳ್ಳಾರಿ ಬಿಸಿಲೇ ನೆರಳು ಹುಡುಕಿಕೊಂಡು ಓಡಿತೆಂದರೆ ನೀವು ನಂಬಲೇಬೇಕು.

ಸಿರುಗುಪ್ಪದ ಈ ಹುಡುಗಿ ಬಳ್ಳಾರಿಯಲ್ಲಿ ಭತ್ತದ ನಾಟಿ ಹಾಡುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಬ್ಲಾಗೊಂದನ್ನು ನಂಬಿ ಒಂದು ಹಾಡಿಗೆ ಇನ್ನೂರು ವರ್ಷ ವಯಸ್ಸು ಕಟ್ಟಿದ್ದಳು. ಮಾರ್ಗದರ್ಶಕಿ ದಾಕ್ಷಾಯಣಮ್ಮ ಇಡೀ ಅಧ್ಯಾಯವನ್ನೇ ವಾಪಸ್ ಎಸೆದಿದ್ದರು.

"ಬರದೋನ ಹೆಸರಿಲ್ಲ, ತಾರೀಖಿಲ್ಲ, ಯಾರು ಹೇಳಿದ್ದು ಅನ್ನೋದಿಲ್ಲ. ಬರೇ ಅಂಗಡಿ ಫೋನ್ ನಂಬರ್! ಸೋಮವಾರದೊಳಗ ಆಧಾರ ತಾ. ಇಲ್ಲಂದ್ರ ಈ ಅಧ್ಯಾಯ ಮರತುಬಿಡು."

ಎರಡು ವರ್ಷದ ದುಡಿಮೆ... ಒಬ್ಬ ಝೆರಾಕ್ಸ್ ಅಂಗಡಿಯವನ ಕೈಯಲ್ಲಿ!

"ಆಧಾರ ಐತ್ರೀ ಮೇಡಂ," ಎಂದ ಅಂಗಡಿಯ ಸಿದ್ದಲಿಂಗೇಶ್, ಕಿವಿಯವರೆಗೂ ಕೆಂಪಾಗಿ. ಡ್ರಾಯರ್‌ನಿಂದ, ಬಳ್ಳಾರಿಯ ವಿಚಾರ ಸಂಕಿರಣವೊಂದರಲ್ಲಿ ಹಂಚಿದ್ದ ಒಂದು ಪ್ರಬಂಧದ ಪ್ರತಿ ತೆಗೆದುಕೊಟ್ಟ.

ಮುಖಪುಟದಲ್ಲಿ ಅವಳದೇ ಹೆಸರು! ಒಳಗೆ 'ಈ ಹಾಡಿಗೆ ಇನ್ನೂರು ವರ್ಷ' ಎಂದು, ಎಂ.ಎ. ಓದುವಾಗ ಪುಟ ತುಂಬಿಸಲು ಅಂದಾಜಿನಲ್ಲಿ ಗೀಚಿ, ಮರೆತೇಬಿಟ್ಟಿದ್ದ ಸಾಲು!

'ಅಯ್ಯೋ ಶಿವನೇ... ನನ್ನನ್ನು ಇವನು ನಂಬಿದ, ಇವನನ್ನು ನಾನು ನಂಬಿದೆ!'

"ಒಬ್ಬರ ಬಾಲ ಒಬ್ಬರು ಹಿಡ್ಕೊಂಡು ಗಿರಿಗಿರಿ ತಿರುಗೀವಲ್ರೀ! ಒಂದ್ಸಲ ಯಾರನ್ನಾದ್ರೂ ಕೇಳಾಕ ಏನಾಗಿತ್ತು?"

"ನಿಮಗೇನಾಗಿತ್ರೀ?"

ಪೂಜಿತಾ ತನ್ನ ತಪ್ಪು ಒಪ್ಪಿ ತಲೆಯಾಡಿಸಿದಳು. ಇದು ಇತಿಹಾಸದಲ್ಲೇ ಮೊದಲು!

ಇಬ್ಬರೂ ಅವನ ಬೈಕ್ ಹತ್ತಿ ಸಿರುಗುಪ್ಪಕ್ಕೆ ಬಂದರು. ಅಲ್ಲಿ ಆ ಹಾಡನ್ನು ಈಗಲೂ ಹಾಡುವವಳು ಮೂಕಮ್ಮಜ್ಜಿ ಒಬ್ಬಳೇ.

"ಇನ್ನೂರು ವರ್ಷಾನ?" ಗದ್ದೆಯ ಬದುವಿನ ಮೇಲೆ ಕುಳಿತಿದ್ದ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಎದ್ದಳು. "ಅದನ್ನ ಕಟ್ಟಿದಾಕಿ ನಾನು! ನನ್ನ ಗಂಡ ಬುತ್ತಿ ತಡಾ ಮಾಡಿ ತಂದ ದಿನ ಅವನ್ನ ಬೈಯಾಕ ಕಟ್ಟಿದ್ದು. ನಾನೇನು ದೆವ್ವ ಏನಲೇ, ಇನ್ನೂರು ವರ್ಷ ಬದುಕಾಕ?"

ಪೂಜಿತಾ ನಗಲೋ ಅಳಲೋ ತಿಳಿಯದೆ ಫೋನ್‌ನಲ್ಲಿ ಅಜ್ಜಿಯ ಮಾತು, ಹೆಸರು, ಊರು, ತಾರೀಖು ಎಲ್ಲ ದಾಖಲಿಸಿ, ದಾಕ್ಷಾಯಣಮ್ಮನವರಿಗೆ ಕಳಿಸಿದಳು. ಕೂಡಲೇ ಅವರ ಫೋನ್ ಬಂತು.

"ಹಾಡು ಕಟ್ಟಿದಾಕಿನ್ನೇ ಹುಡುಕೀಯಲ್ಲ! ಈಗ ಇದು ಸಂಶೋಧನಿ ಆತು ನೋಡು."

ಪೂಜಿತಾಳ ಕಣ್ಣು ತುಂಬಿತು. ಸಿದ್ದಲಿಂಗೇಶ್ ತಲೆ ತಗ್ಗಿಸಿ ನಿಂತಿದ್ದ.

"ಬಳ್ಳಾರಿ ವಿಚಾರ ಸಂಕಿರಣದಾಗ ನೀವು ಆ ಹಾಡು ಹಾಡಿದ್ರಿ... ಅವತ್ತಿಂದ ನೀವು ಬರದದ್ದು ಖರೇನೋ ಸುಳ್ಳೋ ಅಂತ ನೋಡಾಕ ಮನಸ್ಸು ಬರಲಿಲ್ರೀ. ಬ್ಲಾಗ್‌ನಾಗ ನನ್ನ ಹೆಸರು ಹಾಕಿ, ತಪ್ಪಾಗೇತಿ ಅಂತ ಬರೀತೀನಿ. ನಿಮ್ಮ ಹೆಸರು ಹಾಕಂಗಿಲ್ಲ."

"ಹಾಕ್ರಿ," ಎಂದಳು ಪೂಜಿತಾ ಮೆಲ್ಲಗೆ. "ತಪ್ಪು ಇಬ್ಬರದೂ ಐತಿ. ಎರಡೂ ಹೆಸರು ಒಂದರ ಪಕ್ಕ ಒಂದಿರಲಿ."

"ಜನ ನಗ್ತಾರ್ರೀ..."

"ನಗಲಿ ಬಿಡ್ರಿ. ಮುಂದ ಅವೇ ಎರಡು ಹೆಸರು ಲಗ್ನಪತ್ರಿಕಿಯೊಳಗ ನೋಡಿದಾಗ ಅವರಿಗೆ ಗಾಬರಿ ಆಗಂಗಿಲ್ಲ."