ತಿಳಿಯಾಗಿದ್ದ ಇಂಧನ

ವಿಮಾನದ ಎಂಜಿನ್ನಿನಿಂದ ಬಿಚ್ಚಿದ, ಇಂಧನ ಚಿಮ್ಮಿಸುವ ಹದಿನಾಲ್ಕು ನಾಝಲ್‌ಗಳು ಬಿಳಿ ಬಟ್ಟೆಯ ಮೇಲೆ ಸಾಲಾಗಿದ್ದವು. ಹನ್ನೊಂದರ ಬಾಯಿ ಕಟ್ಟಿತ್ತು. ಒಳಗೆ ಹಾಲು ಹೊತ್ತಿದ ಪಾತ್ರೆಯ ತಳದಂಥ ಕಪ್ಪು ಪದರ.

"ಎರಡು ವರ್ಷಕ್ಕೆ ಕಟ್ಟೋ ಕರಿ ಇದು. ಐದೇ ವಾರಕ್ಕೆ ಕಟ್ಟಿದೆ," ಎಂದ ಮೆಕ್ಯಾನಿಕ್ ಹಾಲೋವೇ. "ಯಾರೋ ಇಂಧನಕ್ಕೆ ಏನೋ ಬೆರೆಸಿದ್ದಾರೆ, ಸಾರ್ಜೆಂಟ್. ಟ್ಯಾಂಕಿನ ಕೀಲಿ ಇರೋದು ಮತ್ರೋನಾ ಹತ್ರ. ಏಪ್ರಿಲ್‌ನಲ್ಲಿ ನಮ್ಮ ಪೈಲಟ್ ಜೊತೆ ಜಗಳ ಆಡಿದ್ಳು. ಇನ್ನೇನು ಬೇಕು ನಿಮಗೆ?"

"ಪುರಾವೆ ಬೇಕು," ಎಂದಳು ಪೊಲೀಸ್ ಸಾರ್ಜೆಂಟ್ ಒಲಿಂಕಾ ನಿಕೊಲಾಯ್.

ಅಲಾಸ್ಕಾದ ಕುಯಿಗ್ಲುಕ್ ಹಳ್ಳಿಗೆ ರಸ್ತೆಯಿಲ್ಲ. ನದಿ ಇದೆ, ಆಕಾಶ ಇದೆ. ಶನಿವಾರ ಎದೆನೋವಿನ ಮುದುಕನೊಬ್ಬನನ್ನು ಮಲಗಿಸಿಕೊಂಡ ಆಂಬುಲೆನ್ಸ್ ವಿಮಾನ ಚಾಲೂ ಆಗಲೇ ಇಲ್ಲ. ಬೇರೆ ವಿಮಾನ ಬಂದದ್ದರಿಂದ ಅವನು ಬದುಕಿದ. ಊರಿನ ಟ್ಯಾಂಕಿನಿಂದ ಇಂಧನ ತುಂಬಿಸಿಕೊಳ್ಳುತ್ತಿದ್ದದ್ದು ಆ ಆಂಬುಲೆನ್ಸ್ ಒಂದೇ. ಹತ್ತೊಂಬತ್ತು ವರ್ಷ ಆ ಟ್ಯಾಂಕು ಕಾದ ಮತ್ರೋನಾಳನ್ನು ಶುಕ್ರವಾರದೊಳಗೆ ಬಂಧಿಸಬೇಕೆಂದು ವಿಮಾನದ ಕಂಪನಿ ಪಟ್ಟು ಹಿಡಿದಿತ್ತು.

*

ಮತ್ರೋನಾ ಗಾಜಿನ ಜಾಡಿಯನ್ನು ಬೆಳಕಿಗೆ ಹಿಡಿದಳು. "ನೋಡು ತಂಗಿ. ನೀರಿಲ್ಲ, ಕಸ ಇಲ್ಲ. ದಿನಾ ಬೆಳಿಗ್ಗೆ ನೋಡ್ತೀನಿ. ಇದರಲ್ಲಿ ನಾನೇನು ಬೆರೆಸಿದ್ದೀನಂತೆ?"

"ಪೈಲಟ್ ಜೊತೆ ಜಗಳ ಯಾಕಾಯ್ತು, ಅಕ್ಕ?"

"ಸಿಗರೇಟು ಹಚ್ಕೊಂಡು ಟ್ಯಾಂಕ್ ಪಕ್ಕ ನಿಂತಿದ್ದ. ಬಾಯಿಂದ ಕಿತ್ತು ಹಿಮಕ್ಕೆ ಎಸೆದೆ. ಅದು ಜಗಳಾನಾ? ಅವನ ಆಯಸ್ಸು ಹೆಚ್ಚು ಮಾಡಿದ್ದು!"

"ಕೀಲಿ ಎಲ್ಲಿಡ್ತೀರಿ?"

"ಹಬೆಸ್ನಾನದ ಮನೆ ಬಾಗಿಲ ಹಿಂದೆ, ಮೊಳೆಗೆ."

"ಯಾರಿಗೆಲ್ಲ ಗೊತ್ತು?"

ಮತ್ರೋನಾಳ ಮುಖ ಬಾಡಿತು. "ಸ್ನಾನಕ್ಕೆ ಬರೋ ಎಲ್ಲರಿಗೂ. ಅಂದ್ರೆ ಇಡೀ ಊರಿಗೆ."

*

ಬುಧವಾರ, ಟ್ಯಾಂಕಿನ ಇಂಧನ ಪರೀಕ್ಷಿಸಿದ ಪ್ರಯೋಗಾಲಯದಿಂದ ಫೋನು ಬಂತು. ಇನ್ನೂರ ಅರವತ್ತು ಡಿಗ್ರಿಗೆ ಕಾಯಿಸಿದ ಅಲ್ಯೂಮಿನಿಯಂ ಕೊಳವೆಯ ಮೇಲೆ ಇಂಧನವನ್ನು ಎರಡೂವರೆ ಗಂಟೆ ಹರಿಸಿದ್ದರು. ಒಳ್ಳೆಯ ಇಂಧನವಾಗಿದ್ದರೆ ಕೊಳವೆ ಹೊಳಪು ಕಳೆದುಕೊಳ್ಳುತ್ತಿರಲಿಲ್ಲ. ಇದರ ಮೇಲೆ ನವಿಲುಗರಿಯ ಬಣ್ಣದ ಪದರ ಕೂತಿತ್ತು.

"ಕಾರಣ ತಾಮ್ರ," ಎಂದಿತು ಆ ಕಡೆಯ ದನಿ. "ನೂರು ಕೋಟಿ ಪಾಲಿನಲ್ಲಿ ಬರೀ ತೊಂಬತ್ತು ಪಾಲು. ಜಾಡೀಲಿ ಕಾಣಲ್ಲ. ಎಂಜಿನ್ ಬಿಸಿಗೆ ಹೋದಾಗ್ಲೇ ಇದರ ಆಟ ಶುರು. ಅಕ್ಟೋಬರಿನಲ್ಲಿ ಇಂಧನ ತಂದ ಹಡಗಿನವರು ತೆಗೆದಿಟ್ಟ ಮಾದರೀನೂ ನೋಡಿದ್ವಿ. ಅದು ಶುದ್ಧ."

ಅಂದರೆ ತಾಮ್ರ ಸೇರಿದ್ದು ಊರಿನಲ್ಲೇ. ಒಲಿಂಕಾ ಹುಡುಕುತ್ತ ಹೊರಟಳು. ಟ್ಯಾಂಕು ಉಕ್ಕಿನದು. ಪೈಪು ರಬ್ಬರಿನದು. ಸೋಸುಕ ಅಲ್ಯೂಮಿನಿಯಂ. ಮನೆಮನೆಯ ಒಲೆಗೆ ಎಣ್ಣೆ ಹೋಗುವುದು ತಾಮ್ರದ ನಳಿಗೆಯಲ್ಲೇ, ನಿಜ. ಆದರೆ ಬೆರಳಿಗಿಂತ ಸಣ್ಣ ನಳಿಗೆ; ಅದರಿಂದ ಇಷ್ಟು ತಾಮ್ರ ಬರದು.

ಕೊನೆಗೆ ಶಾಲೆ. ಬಾಯ್ಲರ್ ನೋಡಿಕೊಳ್ಳುವ ಮುದುಕ ವಾಸ್ಕಾ ಹೆಮ್ಮೆಯಿಂದ ಗೋಡೆ ತೋರಿಸಿದ. ಚೌಕಟ್ಟಿನಲ್ಲಿ ಒಂದು ಪ್ರಶಸ್ತಿಪತ್ರ: ಕಳೆದ ವರ್ಷ ಒಂದು ದಿನವೂ ಬಾಗಿಲು ಮುಚ್ಚದ ನದಿ ದಂಡೆಯ ಏಕೈಕ ಶಾಲೆ.

ಒಲಿಂಕಾ ಅದನ್ನು ಎರಡು ಸಲ ಓದಿದಳು. ನಂತರ ಶಾಲೆಯ ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆಸಿ ಒಳಗೆ ಟಾರ್ಚಿನ ಬೆಳಕು ಬಿಟ್ಟಳು.

*

ಗುರುವಾರ ಮತ್ರೋನಾಳ ಅಡುಗೆಮನೆ. ಚಹಾ, ಒಣಗಿಸಿದ ಸಾಲ್ಮನ್. ಹಾಲೋವೇ ನಿಂತೇ ಇದ್ದ. ವಾಸ್ಕಾ ಕೂತು ಮೀನು ಸೀಳುತ್ತಿದ್ದ.

"ವಾಸ್ಕಾ ಮಾವ, ಹೋದ ವರ್ಷ ಎಣ್ಣೆ ಹಡಗು ಆರು ವಾರ ತಡ. ಎಲ್ಲ ಶಾಲೆ ಮುಚ್ಚಿದ್ವು. ನಿಮ್ಮದು ಹೇಗೆ ನಡೀತು?"

ಮೀನು ಸೀಳುವ ಕೈ ನಿಂತಿತು.

"ಮತ್ರೋನಾ ಟ್ಯಾಂಕಿಂದ ಕಡ ತಂದಿದ್ದೆ," ಎಂದ ವಾಸ್ಕಾ. "ಎಂಟು ಡ್ರಮ್ಮು. ಮೇ ತಿಂಗಳಲ್ಲಿ ಬೇಸಿಗೆ ರಜೆ ಶುರುವಾದ ಮೇಲೆ ಎಂಟೂ ತಂದು ಸುರಿದೆ. ಒಂದು ಮೀನು ತಂದ್ರೆ ಒಂದು ಮೀನು ವಾಪಸ್. ನಮ್ಮೂರ ಪದ್ಧತಿ ಅಲ್ವೇನಮ್ಮಾ?"

"ಒಲೆ ಎಣ್ಣೇನಾ?" ಹಾಲೋವೇ ಚೀರಿದ. "ವಿಮಾನದ ಟ್ಯಾಂಕಿಗಾ?"

"ಎರಡೂ ಒಂದೇ ಹಡಗಿಂದ ಬರೋದು ಕಣಯ್ಯಾ. ಒಂದೇ ಥರ ವಾಸನೆ, ಒಂದೇ ಥರ ಉರಿ."

"ಹಡಗಿಂದ ಇಳಿದಾಗ ಒಂದೇ ಇದ್ದಿರಬಹುದು," ಎಂದಳು ಒಲಿಂಕಾ. "ಶಾಲೆ ಟ್ಯಾಂಕಲ್ಲಿ ಎಣ್ಣೆ ಗಟ್ಟಿಯಾಗದಿರಲಿ ಅಂತ ಬಿಸಿನೀರು ಹರಿಯೋ ಸುರುಳಿ ನಳಿಗೆ ಇದೆ. ತಾಮ್ರದ್ದು. ಎಣ್ಣೆ ಚಳಿಗಾಲ ಪೂರ್ತಿ ಅದರ ಮೈಗೆ ಅಂಟ್ಕೊಂಡು ಕಾದಿದೆ. ನೀವು ವಾಪಸ್ ಕೊಟ್ಟಿದ್ದು ಅದನ್ನ. ಮೇನಲ್ಲಿ ಸುರಿದ್ರಿ, ಐದು ವಾರಕ್ಕೆ ನಾಝಲ್ ಕಟ್ಟಿತು. ಲೆಕ್ಕ ಸರಿಹೋಯ್ತು. ಒಲೆಗೆ ಆ ತಾಮ್ರ ಏನೂ ಮಾಡಲ್ಲ, ಎಂಜಿನ್ನಿಗೆ ಅದೇ ವಿಷ."

ವಾಸ್ಕಾ ಚಾಕು ಕೆಳಗಿಟ್ಟ. "ಆ ಮುದುಕ ಸತ್ತಿದ್ರೆ?"

ಒಲಿಂಕಾ ನೋಟ್‌ಬುಕ್ ತೆರೆದಳು.

"ಬೀಗ ತೆಗೆದಿದ್ದಕ್ಕೆ ವರದಿ ಬರೀತೀನಿ, ಮಾವ. ಮುಂದಿನದು ಕೋರ್ಟಿಗೆ ಬಿಟ್ಟಿದ್ದು," ಎಂದಳು ಒಲಿಂಕಾ. "ಆದ್ರೆ ಬೇಕಂತ ಮಾಡಿದ್ದಲ್ಲ. ಮತ್ರೋನಾ ಅಕ್ಕ ಅಂತೂ ಏನೂ ಮಾಡಿಲ್ಲ."

ಹಾಲೋವೇ ಟೋಪಿ ತೆಗೆದ. "ನನ್ನ ಮಾತು ತಪ್ಪಾಯ್ತು, ಮತ್ರೋನಾ."

"ಕೂತ್ಕೊಂಡು ಹೇಳು. ಚಹಾ ಆರ್ತಿದೆ."

*

ಹತ್ತನೇ ದಿನ ಆಂಬುಲೆನ್ಸ್ ಮತ್ತೆ ಹಾರಿತು. ಟ್ಯಾಂಕು ಬರಿದು ಮಾಡಿ, ತೊಳೆದು, ಹೊಸ ಇಂಧನ ತುಂಬಿದ್ದರು. ತಳ ಒರೆಸಿದವನು ವಾಸ್ಕಾ. ಯಾರೂ ಹೇಳಿರಲಿಲ್ಲ, ತಾನೇ ಇಳಿದಿದ್ದ.

ಎಂಜಿನ್ನಿನ ಸದ್ದು ನದಿಯಾಚೆ ಕರಗುವವರೆಗೂ ಮತ್ರೋನಾ ಟ್ಯಾಂಕಿನ ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ಕೊರಳಿನ ದಾರದಲ್ಲಿ ತೂಗುತ್ತಿದ್ದ ಕೀಲಿಯನ್ನು ಅಂಗಿಯೊಳಗೆ ಸೇರಿಸಿದಳು.

"ಮಾವ, ಮುಂದಿನ ಸಲ ಕಡ ಬೇಕಾದ್ರೆ ನನ್ನ ಕೇಳು. ಕೊಡ್ತೀನಿ," ಎಂದಳು ವಾಸ್ಕಾನಿಗೆ. "ವಾಪಸ್ ಮಾತ್ರ ಮೀನೇ ಕೊಡು."