ಪ್ರತಿ ಹಲ್ಲಿಗೂ ಐದು

"ಬಲಕ್ಕೆ ಎಳೀತಿದೆ! ಅಕ್ಕಾ, ಬಲಕ್ಕೆ ಎಳೀತಿದೆ!"

ಬೇಕರಿ ಮಾಮ ಗಂಟಲು ಹರಿಯುವಂತೆ ಕೂಗಿದ್ದು ಅಮ್ಮನಿಗೆ ಕೇಳಿಸಲೇ ಇಲ್ಲ. ಅವಳ ಕಿವಿಗೆ ದಪ್ಪ ಇಯರ್‌ಮಫ್, ಕೈಯಲ್ಲಿ ಅರಚುವ ಚೈನ್ ಗರಗಸ. ನೇರ ಇಳಿಯಬೇಕಾದ ಗರಗಸ ದಿಮ್ಮಿಯೊಳಗೆ ಬಾಳೆಹಣ್ಣಿನ ಹಾಗೆ ಬಾಗುತ್ತಾ ಹೋಗಿ, ಅರ್ಧದಲ್ಲಿ ಸಿಕ್ಕಿಹಾಕಿಕೊಂಡು, ಗುರ್ರೆಂದು ನಿಂತೇಬಿಟ್ಟಿತು.

ನೋಡುವವರನ್ನು ತಡೆಯಲು ಕಟ್ಟಿದ್ದ ಹಗ್ಗದ ಆಚೆ ನಿಂತಿದ್ದ ಬೋಲ್ಟು ಮುಂದಕ್ಕೆ ಬಗ್ಗಿ ಚೈನನ್ನೇ ನೋಡಿದಳು.

ಬೋಲ್ಟು ಅವಳ ನಿಜವಾದ ಹೆಸರಲ್ಲ. ಐದನೇ ಕ್ಲಾಸಿನ ಹುಡುಗಿಗೆ ಅಮ್ಮನ ಸ್ನೇಹಿತರು ಇಟ್ಟ ಹೆಸರು. ಅಮ್ಮ ವಾರವೆಲ್ಲ ನೀರಿನ ಪಂಪ್ ರಿಪೇರಿ ಮಾಡುತ್ತಾಳೆ. ಭಾನುವಾರ ಬಂತೆಂದರೆ ಮರದ ಡಿಪೋ ಹಿಂದಿನ ಅಂಗಳಕ್ಕೆ ಓಡುತ್ತಾಳೆ. ಅಲ್ಲಿ ಅವಳಂಥದೇ ಹುಚ್ಚು ಹತ್ತಿದ ನಾಲ್ಕಾರು ಜನ ಹಳೇ ಗರಗಸಗಳನ್ನು ಬಿಚ್ಚಿ, ಸೈಲೆನ್ಸರ್ ಬದಲಿಸಿ, ಎಂಜಿನ್ನಿಗೆ ಇನ್ನಷ್ಟು ಜೋರು ತುಂಬಿ, ರೇಸ್ ಹಚ್ಚುತ್ತಾರೆ. ದಿಮ್ಮಿಯಿಂದ ಒಂದು ಬಿಲ್ಲೆಯನ್ನು ಯಾರು ಬೇಗ ಕೊಯ್ದು ಬೀಳಿಸುತ್ತಾರೋ ಅವರೇ ಗೆದ್ದಂತೆ. ಒಬ್ಬೊಬ್ಬರಿಗೆ ಎರಡೆರಡು ಚಾನ್ಸ್.

ಮೂರು ವರ್ಷದಿಂದ ಗೆಲ್ಲುತ್ತಿರುವುದು ಬೇಕರಿ ಮಾಮನೇ. ಈ ಸಲ ಅವನನ್ನು ಸೋಲಿಸಲೇಬೇಕೆಂದು ಅಮ್ಮ ಹಟ ತೊಟ್ಟಿದ್ದಳು. ಮೊದಲ ಬಾರಿಗೆ ರೇಸಿನ ಚೈನಿಗೆ ಅರ ಹಾಕುವ, ಅಂದರೆ ಹಲ್ಲುಗಳನ್ನು ಉಜ್ಜಿ ಚೂಪು ಮಾಡುವ ಕೆಲಸ ಬೋಲ್ಟುವಿಗೆ ಕೊಟ್ಟಿದ್ದಳು.

"ನಾಲ್ಕು ಪಾಯಿಂಟ್ ಒಂದು ಸೆಕೆಂಡ್ ಬೇಕರಿಗೆ. ಅಮ್ಮಾವ್ರಿಗೆ ಸೊನ್ನೆ," ಎಂದ ಸ್ಟಾಪ್‌ವಾಚ್ ಹಿಡಿದಿದ್ದ ಡ್ರೈವರ್ ತಾತ. "ಅರ್ಧ ಗಂಟೆ ಬಿಟ್ಟು ಎರಡನೇ ರೌಂಡು."

"ಬಾರ್ ಬಗ್ಗಿರ್ಬೇಕು ಅಕ್ಕ," ಎಂದ ಬೇಕರಿ ಮಾಮ.

"ಏನ್ ಬಗ್ಗಿದ್ಯೋ! ದಿಮ್ಮೀಲಿ ಗಂಟಿತ್ತು," ಎಂದ ತಾತ.

ಅಮ್ಮ ಬಾರನ್ನು, ಅಂದರೆ ಚೈನ್ ಕೂರುವ ಉದ್ದನೆಯ ಪಟ್ಟಿಯನ್ನು, ಕಳಚಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ನೆಟ್ಟಗಿತ್ತು. ದಿಮ್ಮಿಯಲ್ಲೂ ಗಂಟಿರಲಿಲ್ಲ. ಕೊನೆಗೆ ಚೈನನ್ನು ಕೈಗೆತ್ತಿಕೊಂಡಳು.

"ಒಂದೊಂದು ಹಲ್ಲಿಗೆ ಎಷ್ಟು ಸಲ ಅರ ಹಾಕ್ದೆ?"

"ಐದು! ಎಲ್ಲಾ ಹಲ್ಲಿಗೂ ಐದೈದೇ. ಬಾಯ್ಬಿಟ್ಟು ಎಣಿಸಿದ್ದೀನಿ!" ಬೋಲ್ಟುವಿನ ಮೂಗಿನ ತುದಿಯಲ್ಲೇ ಇದ್ದ ಸಿಟ್ಟು ಹೊರಗೆ ಚಿಮ್ಮಿತು. "ನನ್ ತಪ್ಪಲ್ಲ!"

"ಎಣಿಸಿದ್ದೀಯ ಅಂತ ನಂಗೊತ್ತು ಕಣೇ."

ಹಾಗೆಂದರೇನು? ಬೈದಿದ್ದರೆ ತಿರುಗಿ ಜಗಳವಾಡಬಹುದಿತ್ತು. ಬೈಯದೇ ಇದ್ದರೆ ಏನು ಮಾಡುವುದು?

ಅಮ್ಮ ಚೈನನ್ನೂ ಸ್ಕೇಲನ್ನೂ ಅವಳ ಮುಂದಿಟ್ಟಳು. "ಅಳೆದು ನೋಡು. ನಾನು ಎಂಜಿನ್ ನೋಡ್ಕೋಬೇಕು. ಇನ್ನೊಂದು ಚೈನೂ ನೀನು ಅರ ಹಾಕಿದ್ದೇ ಅಲ್ವಾ, ಅದೂ ಹೀಗೇ ಇರುತ್ತೆ. ಇದನ್ನೇ ಸರಿಮಾಡು. ಇಪ್ಪತ್ತು ನಿಮಿಷ ಇದೆ."

ಚೈನಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಹಲ್ಲು. ಬೋಲ್ಟು ಅಳೆದಳು. ಎಡದ ಹಲ್ಲುಗಳೆಲ್ಲ ಗಿಡ್ಡ, ಬಲದವೆಲ್ಲ ಉದ್ದ. ಮತ್ತೆ ಅಳೆದಳು. ಸ್ಕೇಲನ್ನೇ ತಿರುಗಿಸಿ ಅಳೆದಳು. ಅದೇ ಲೆಕ್ಕ. ಐದು ಅಂದರೆ ಐದೇ ತಾನೆ? ಐದಕ್ಕೂ ಐದಕ್ಕೂ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಮೇಜಿಗೆ ಬಿಗಿದಿದ್ದ ಕಬ್ಬಿಣದ ಇಕ್ಕಳದಂಥ ವೈಸಿಗೆ ಚೈನನ್ನು ಕಚ್ಚಿಸಿ, ಕೈಗವಸು ತೊಟ್ಟು, ಅರ ಹಿಡಿದಳು. ಪರೀಕ್ಷೆ ಮಾಡಲೆಂದು ಎಡದ ಹಲ್ಲಿನ ಮೇಲೆ ಒಂದೇ ಒಂದು ಸಲ ತಳ್ಳಿದಳು. ಸರ್ರ್! ಕಬ್ಬಿಣದ ಪುಡಿ ಮಿನುಗುತ್ತಾ ಉದುರಿತು.

ಬಲದ ಹಲ್ಲಿಗೆ ಬಂದಳು. ಮೊಣಕೈ ಎದೆಗೆ ಅಡ್ಡ ಬಂತು. ಮಣಿಕಟ್ಟು ತಿರುಚಿಕೊಂಡಿತು. ತಳ್ಳಿದಳು. ಕಿರಿಕ್. ಪುಡಿ ಉದುರಿದ್ದು ಚಿಟಿಕೆಯೂ ಇಲ್ಲ.

ಅದೂ ಒಂದು. ಇದೂ ಒಂದು.

ಬೋಲ್ಟು ಸ್ಟೂಲನ್ನು ದರದರ ಎಳೆದುಕೊಂಡು ವೈಸಿನ ಆ ಬದಿಗೆ ಹೋಗಿ ಕುಳಿತಳು. ಈಗ ಬಲದ ಹಲ್ಲುಗಳು ಕೈಗೆ ನೇರ ಸಿಕ್ಕವು. ಸರ್ರ್, ಸರ್ರ್. ಒಂದೊಂದನ್ನೂ ಎಡದ ಹಲ್ಲಿನಷ್ಟೇ ಗಿಡ್ಡವಾಗುವ ತನಕ ಉಜ್ಜಿ, ಸ್ಕೇಲಿಟ್ಟು ನೋಡಿದಳು; ಒಂದಕ್ಕೆ ಕೊಂಚ ಸಾಕಾಯಿತು, ಇನ್ನೊಂದಕ್ಕೆ ಜಾಸ್ತಿ ಬೇಕಾಯಿತು. ಎಡದ ಹಲ್ಲುಗಳನ್ನು ಮತ್ತೆ ಮುಟ್ಟಲೇ ಇಲ್ಲ.

"ಎಷ್ಟೆಷ್ಟು ಹಾಕ್ದೆ?" ಹೆಲ್ಮೆಟ್ ಏರಿಸಿಕೊಳ್ಳುತ್ತಾ ಅಮ್ಮ ಕೇಳಿದಳು.

"ಎಣಿಸ್ಲಿಲ್ಲ."

ಅಮ್ಮ ಅವಳ ಮುಖ ನೋಡಿದಳು. ಚೈನನ್ನು ಬಾರಿಗೆ ತೊಡಿಸಿದಳು.

ಎರಡನೇ ರೌಂಡಿನಲ್ಲಿ ಗರಗಸ ಬೆಣ್ಣೆಯಲ್ಲಿ ಇಳಿದಂತೆ ನೆಟ್ಟಗೆ ಇಳಿಯಿತು. ಬಿಲ್ಲೆ ದೊಪ್ಪೆಂದು ಬಿತ್ತು.

"ನಾಲ್ಕು ಪಾಯಿಂಟ್ ಮೂರು!" ಕೂಗಿದ ತಾತ.

ಬೇಕರಿ ಮಾಮನ ಎರಡನೇ ಚಾನ್ಸಿನಲ್ಲಿ ನಾಲ್ಕೂವರೆಯಾಯಿತು. ಆದರೂ ಮೊದಲಿನ ನಾಲ್ಕು ಪಾಯಿಂಟ್ ಒಂದು ಇತ್ತಲ್ಲ. ಅಮ್ಮ ಸೋತಳು. ಸೋತವಳು ಮೈಗಂಟಿದ ಹೊಟ್ಟು ಕೊಡವಿಕೊಳ್ಳುತ್ತಾ ನಗುತ್ತಿದ್ದಳು. ಇಷ್ಟು ಬೇಗ ಅವಳು ಯಾವತ್ತೂ ಕೊಯ್ದಿರಲಿಲ್ಲವಂತೆ. ಅಳಬೇಕೋ ನಗಬೇಕೋ ಬೋಲ್ಟುವಿಗೆ ತಿಳಿಯಲಿಲ್ಲ.

ಬೇಕರಿ ಮಾಮ ತಾನು ಕೊಯ್ದ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಅದು ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೊಂಚ ತೆಳು.

"ಥೂ, ಇದೇನು ಸೊಟ್ಟ ಬಂತು?"

"ಮಾಮ, ನೀವು ಎಷ್ಟು ಸಲ ಅರ ಹಾಕ್ತೀರ?" ಬೋಲ್ಟು ಕೇಳಿದಳು.

"ಆರು!" ಮಾಮ ಎದೆ ಉಬ್ಬಿಸಿದ. "ಎಲ್ಲಾ ಹಲ್ಲಿಗೂ ಆರೇ ಆರು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ!"

"ಬಲಗೈಲಾ?"

"ಮತ್ತಿನ್ನೇನು, ಕಾಲಲ್ಲಾ?"

ಬೋಲ್ಟು ಒಮ್ಮೆ ಅಮ್ಮನ ಕಡೆ ನೋಡಿದಳು. ಅಮ್ಮ ಪೆಟ್ರೋಲ್ ಕ್ಯಾನಿನ ಮುಚ್ಚಳ ತಿರುಗಿಸುತ್ತಿದ್ದಳು.

"ಚೈನ್ ತಗೊಂಡು ಈ ಕಡೆ ಬನ್ನಿ ಮಾಮ," ಎಂದು ಬೋಲ್ಟು ವೈಸಿನ ಆ ಬದಿಯಲ್ಲಿದ್ದ ಸ್ಟೂಲನ್ನು ಅವನಿಗೆ ಬಿಟ್ಟುಕೊಟ್ಟಳು.