ಕಟ್ಟೆಯ ಕೆಳಗಿನ ಎಣಿಕೆ

ಜೂನ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಎಂಟೂ ನಲವತ್ತಕ್ಕೆ ಕೆಲ್ವಿ ಠಾಣೆಗೆ ಫೋನ್ ಬಂತು. ದೂರು ಕೊಟ್ಟವನು ಬ್ರೆಟ್ ರಾನ್ಸ್ಲಿ, ಹೋಬಾರ್ಟಿನಲ್ಲಿ ಕೊಳಾಯಿ ಕೆಲಸ ಮಾಡುವವನು. ಟಿಬ್ ಕ್ರೀಕ್ ಅಣೆಕಟ್ಟೆಯ ಕೆಳಗೆ ಅವನದೊಂದು ಮರದ ಮನೆಯಿದೆ. ಅಲ್ಲಿರುವ ಎಂಟು ಮನೆಗಳಲ್ಲಿ ಏಳು ಬೇಸಿಗೆಯಲ್ಲಿ ಮೀನು ಹಿಡಿಯಲು ಬರುವವರವು. ಭೂಮಿಯ ಈ ದಕ್ಷಿಣ ತುದಿಯಲ್ಲಿ ಜೂನ್ ಚಳಿಗಾಲ, ಆಗ ಅವೆಲ್ಲ ಬೀಗ ಹಾಕಿಕೊಂಡಿರುತ್ತವೆ.

"ಏನು ಕಳುವಾಗಿದೆ?" ಸಾರ್ಜೆಂಟ್ ಲೋರ್ನಾ ಪೈಬಸ್ ಕೇಳಿದಳು.

"ಏನೂ ಇಲ್ಲ, ಅದೇ ಭಯ. ಪೈಪ್ ಒಡೆದಿದ್ಯೇನೋ ನೋಡೋಣ ಅಂತ ಬಂದೆ. ಒಲೇಲಿ ಬೆಂಕಿ ಉರೀತಿದೆ. ಮೇಜಿನ ಮೇಲೆ ಓಟ್ಸ್ ಗಂಜಿ, ಇನ್ನೂ ಬಿಸಿ ಇದೆ. ನಾಲ್ಕು ಬಟ್ಟಲು."

"ಒಳಗೆ ಯಾರಿದ್ದಾರೆ?"

"ಯಾರೂ ಇಲ್ಲ. ನಾನು ಕಾರಲ್ಲಿ ಕೂತು ಮಾತಾಡ್ತಿದ್ದೀನಿ, ಬಾಗಿಲು ಲಾಕ್ ಮಾಡ್ಕೊಂಡು."

ದೂರು ದಾಖಲಾಯಿತು: ಅಕ್ರಮ ಪ್ರವೇಶ.

ಹತ್ತೂಕಾಲಿಗೆ ಲೋರ್ನಾ, ಕಾನ್‌ಸ್ಟೆಬಲ್ ಟ್ಯಾಟ್‌ನೆಲ್‌ನೊಂದಿಗೆ ಅಲ್ಲಿ ಇಳಿದಳು. ಐವತ್ತು ದಾಟಿದ ಟ್ಯಾಟ್‌ನೆಲ್ ಸುಮ್ಮನಿರಲಾರದ ಮನುಷ್ಯ. ಕಾರಿನಿಂದಿಳಿದವನು ತಲೆಯೆತ್ತಿ ನೋಡಿದ.

ಅರವತ್ತು ವರ್ಷದ ಹಿಂದೆ ಬಂಡೆಗಳನ್ನು ರಾಶಿ ಹಾಕಿ ಕಟ್ಟಿದ ಕಟ್ಟೆ ಅರ್ಧ ಆಕಾಶವನ್ನು ಮುಚ್ಚಿತ್ತು. ಅದರ ನೆರಳಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಏಳು ಮನೆಗಳ ಚಿಮಣಿಗಳಿಂದಲೂ ಹೊಗೆ ನೆಟ್ಟಗೆ ಏಳುತ್ತಿತ್ತು. ತಂತಿಯ ಮೇಲೆ ಮಕ್ಕಳ ಅಂಗಿಗಳು ಹೆಪ್ಪುಗಟ್ಟಿ, ತೋಳು ಚಾಚಿಕೊಂಡು ನಿಂತಿದ್ದವು.

"ಊರಿದೆ, ಜನ ಇಲ್ಲ," ಎಂದ ಟ್ಯಾಟ್‌ನೆಲ್. "ನಮ್ಮತ್ತೆ ಮನೇಲಿ ಇದರ ಉಲ್ಟಾ, ಸಾರ್ಜ್."

ಹತ್ತೂ ನಲವತ್ತರಿಂದ ಹನ್ನೆರಡೂ ಐದರವರೆಗೆ ಸ್ಥಳ ಮಹಜರು ನಡೆಯಿತು. ಯಾವ ಬೀಗವೂ ಒಡೆದಿರಲಿಲ್ಲ. ಎಲ್ಲರೂ ಬೀಗದ ಕೈಯನ್ನು ಮೆಟ್ಟಿಲ ಕೆಳಗೇ ಇಡುವವರು. ಹಾಸಿಗೆಗಳು ಮಲಗಿ ಎದ್ದಂತಿದ್ದವು, ದಿಂಬುಗಳಲ್ಲಿ ತಲೆಯ ತಗ್ಗುಗಳು ಇದ್ದವು, ಹಲ್ಲುಜ್ಜುವ ಬ್ರಷ್ಷುಗಳು ಒದ್ದೆಯಾಗಿದ್ದವು. ಮೂರನೇ ಮನೆಯ ಕಿಟಕಿಯ ಬಳಿ ಒಬ್ಬ ಮನುಷ್ಯ ಬೆನ್ನು ಮಾಡಿ ಕೂತಿದ್ದ. ಹತ್ತಿರ ಹೋಗಿ ನೋಡಿದರೆ ಅದು ಕುರ್ಚಿಗೆ ತೊಡಿಸಿದ ಕೋಟು, ಮೇಲೊಂದು ಟೋಪಿ.

ಪ್ರತಿ ಒಲೆಯ ಮೇಲಿನ ಹಲಗೆಯ ಅಡಿಯಲ್ಲಿ ಪೆನ್ಸಿಲಿನ ಸಣ್ಣ ಬರಹವಿತ್ತು. ರಾನ್ಸ್ಲಿಯ ಮನೆಯಲ್ಲಿ: 11/6. 6.47 ಹಚ್ಚಿದ್ದು. 8.07 ಗಂಜಿ. ಜನ 4. ಏಳರ ಅಂಕಿಗೆಲ್ಲ ಅಡ್ಡಗೆರೆ ಎಳೆದಿತ್ತು.

"ಕಳ್ಳ ಟೈಮ್ ಬರೆದಿಟ್ಟು ಹೋಗಿದ್ದು ನಾನು ನೋಡಿದ್ದು ಇದೇ ಮೊದಲು," ಎಂದ ಟ್ಯಾಟ್‌ನೆಲ್.

ಎಂಟನೆಯ ಮನೆಯಲ್ಲಿ ವರ್ಷವಿಡೀ ವಾಸವಿರುವವರು ಡೈರೀನ್ ಅಕ್ಕತಂಗಿಯರು. ಎಪ್ಪತ್ತೆರಡರ ಮೆರ್ಲ್ ಬಾಗಿಲು ತೆಗೆದಳು. ಅಕ್ಕ ಊನಾ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಆರು ವರ್ಷದಿಂದ ಕಾಲು ಊರಿಲ್ಲ, ನೆನಪೂ ಅಷ್ಟಕ್ಕಷ್ಟೆ.

"ಅಕ್ಕಪಕ್ಕದಲ್ಲಿ ಯಾರನ್ನಾದ್ರೂ ನೋಡಿದ್ರಾ?"

"ಇಲ್ಲ," ಎಂದಳು ಮೆರ್ಲ್.

"ಮೂರನೇ ಮನೆ ಚಿಕ್ಕವನಿಗೆ ಕೆಮ್ಮು," ಊನಾ ಮಂಚದಿಂದಲೇ ಹೇಳಿದಳು. "ಬೆಳಗಿಂದ ಒಂದೇ ಸಮ."

ಮೆರ್ಲ್ ಹೋಗಿ ಅಕ್ಕನ ಕಂಬಳಿ ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.

"ಇಬ್ಬರೇ ಇರೋದಕ್ಕೆ ಹೆದರಿಕೆ ಆಗಲ್ವಾ ಮೆರ್ಲ್?"

"ಆಗತ್ತೆ. ಕಟ್ಟೆ ಒಡೆದ್ರೆ ನೀರು ಇಲ್ಲಿಗೆ ಬರೋಕೆ ಹನ್ನೆರಡು ನಿಮಿಷ. ಇವಳನ್ನ ಎಬ್ಬಿಸಿ ಕಾರಲ್ಲಿ ಕೂರಿಸೋಕೆ ಇಪ್ಪತ್ತೈದು. ಗಡಿಯಾರ ಹಿಡಿದು ನೋಡಿದ್ದೀನಿ."

"ಹಾಗಾದ್ರೆ ಪೇಟೆಗೆ ಹೋಗಬಾರದಾ?"

"ಹೋಗಿದ್ವಿ. ಒಂಬತ್ತು ದಿನ ಇವಳು ಬಾಯಿಗೆ ಏನೂ ಹಾಕ್ಕೊಳ್ಳಲಿಲ್ಲ. ಈ ಕಿಟಕಿ ಬಿಟ್ಟು ಎಲ್ಲಿಟ್ರೂ ಬದುಕಲ್ಲ ಅಂದ್ರು ಡಾಕ್ಟರು." ಮೆರ್ಲ್ ಬಾಗಿಲ ಕಡೆ ನೋಡಿದಳು. "ಇನ್ನೇನಾದ್ರೂ ಕೇಳೋದಿದ್ಯಾ?"

ಕಟ್ಟೆಯ ಮೇಲೆ ಬಿಳಿ ಟ್ರಕ್ಕೊಂದು ನಿಂತಿತ್ತು. ಅಣೆಕಟ್ಟೆ ಕಚೇರಿಯ ಎಂಜಿನಿಯರ್ ಹ್ಯೂ ಬೆಸ್ಸೆಲ್ ಬಾನೆಟ್ಟಿನ ಮೇಲೆ ಕಾಗದ ಹರಡಿಕೊಂಡಿದ್ದ.

"ಕೆಳಗಿರೋ ಜನರ ಎಣಿಕೆ," ಎಂದ. "ಅಪಾಯದ ದರ್ಜೆ ಅಂದ್ರೆ ಕಟ್ಟೆ ಹೇಗಿದೆ ಅಂತಲ್ಲ, ಸಾರ್ಜೆಂಟ್. ಒಡೆದ್ರೆ ಎಷ್ಟು ಜನ ಹೋಗ್ತಾರೆ ಅಂತ. ಬಂಡೆಯಂಥ ಕಟ್ಟೆಗೂ ಮೇಲಿನ ದರ್ಜೆ ಬರಬಹುದು, ಜರಡಿಯಂಥದಕ್ಕೂ ಕೆಳಗಿನದು ಬರಬಹುದು."

"ಹೋದ ಸಲ ಎಷ್ಟಿತ್ತು?"

"ಇಬ್ಬರು. ಕೆಳಗಿನ ದರ್ಜೆ. ರಿಪೇರಿ ಸರದಿ ಹನ್ನೊಂದು ವರ್ಷ ಆದ್ಮೇಲೆ. ಈ ಸಲ ಇಪ್ಪತ್ತಮೂರು ಸಿಕ್ಕಿದ್ದಾರೆ. ಬರೋ ಬೇಸಿಗೆಗೇ ಕೆಲಸ ಶುರು ಆಗತ್ತೆ."

"ಅವರನ್ನ ಕಣ್ಣಾರೆ ನೋಡಿದ್ರಾ?"

"ಹೊಗೆ ನೋಡಿದೆ, ತಂತಿ ಮೇಲಿನ ಬಟ್ಟೆ ಎಣಿಸಿದೆ. ಬಾಗಿಲು ತಟ್ಟಿದೆ, ಯಾರೂ ತೆಗೀಲಿಲ್ಲ. ಕೆಲಸಕ್ಕೆ ಹೋಗಿರ್ತಾರೆ ಅಂದ್ಕೊಂಡೆ. ಮೂರನೇ ಮನೆ ಕಿಟಕೀಲಿ ಒಬ್ಬರು ಕೂತಿದ್ರು. ಕೈ ಬೀಸಿದೆ."

"ಆಮೇಲೆ?"

ಬೆಸ್ಸೆಲ್ ಕೆಳಗೆ ಮೂರನೇ ಮನೆಯ ಕಡೆ ನೋಡಿದ. "ಅವರೂ ಬೀಸಿದ್ರು."

ಟ್ಯಾಟ್‌ನೆಲ್ ಕೋಟಿನ ಕಾಲರ್ ಮೇಲೆತ್ತಿಕೊಂಡ.

ಬೆಸ್ಸೆಲ್ ಬರುವುದು ಮುಂಚೆ ಗೊತ್ತಿದ್ದವರು ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರವಿತ್ತು. ಕೆಳಗಿನ ಗೇಟಿನ ಬೀಗದ ಕೈ ಮೆರ್ಲ್ ಬಳಿ ಇರುವುದರಿಂದ ಕಚೇರಿಯವರು ಹಿಂದಿನ ದಿನವೇ ಅವಳಿಗೆ ಫೋನ್ ಮಾಡುತ್ತಾರೆ. ಮೂವತ್ತೊಂದು ವರ್ಷ ಕಟ್ಟೆಯ ಬುಡದಲ್ಲಿ ಸೋರುವ ನೀರನ್ನು ಅಳೆದವಳು ಅವಳೇ. ಆಮೇಲೆ ಯಂತ್ರ ಬಂತು.

ಮಧ್ಯಾಹ್ನ ಒಂದೂ ಐವತ್ತಕ್ಕೆ ಪೊಲೀಸರು ಬುಡದ ಅಳತೆ ಕೊಠಡಿಯನ್ನು ತೆರೆಸಿದರು. ಹಳೆಯ ದಿನಚರಿಗಳು ಅಲ್ಲಿಯೇ ಇದ್ದವು. ಗಂಟೆ, ನಿಮಿಷ, ನೀರಿನ ಮಟ್ಟ, ಬಣ್ಣ. ಪುಟದಿಂದ ಪುಟಕ್ಕೆ ಏಳರ ಅಂಕಿಗಳೆಲ್ಲ ಅಡ್ಡಗೆರೆ ಹೊತ್ತಿದ್ದವು. ಬಣ್ಣದ ಅಂಕಣದಲ್ಲಿ ಸಾವಿರಾರು ಸಲ ಒಂದೇ ಪದವಿತ್ತು: ತಿಳಿ.

ಬಂಡೆಯ ಕಟ್ಟೆ ಸೋರುವುದು ಸಹಜ. ತಿಳಿಯಾಗಿ ಸೋರುವತನಕ ಭಯವಿಲ್ಲ. ಕದಡಿತೆಂದರೆ ಕಟ್ಟೆಯ ಹೊಟ್ಟೆಯೊಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಹೊಸ ಯಂತ್ರ ನೀರು ಎಷ್ಟು ಎಂದು ಹೇಳುತ್ತದೆ, ಹೇಗಿದೆ ಎಂದು ಹೇಳುವುದಿಲ್ಲ.

ಲೋರ್ನಾ ಕಾಲುವೆಯ ಮೇಲೆ ಬಗ್ಗಿದಳು. ಮಳೆ ಬಿದ್ದು ಹದಿನೈದು ದಿನವಾಗಿತ್ತು. ನೀರು ಅಕ್ಕಿ ತೊಳೆದ ಬಣ್ಣಕ್ಕಿತ್ತು. ಬಂಡೆಗಳ ಒಳಗೆಲ್ಲೋ ಯಾರೋ ಗಂಟಲು ಸರಿಪಡಿಸಿಕೊಂಡಂಥ ಸದ್ದು; ನಿಂತಿತು, ಮತ್ತೆ ಬಂತು.

"ನೀವು ಒಂಚೂರು ನೋಡ್ತೀರಾ?" ಎಂದು ಲೋರ್ನಾ ಹೊರಗಿದ್ದ ಬೆಸ್ಸೆಲ್‌ನನ್ನು ಕೇಳಿದಳು.

"ನಾನು ಎಣಿಸೋನು ಸಾರ್ಜೆಂಟ್. ನೀರು ನೋಡೋರು ಬೇರೆ. ಅವರು ಮಾರ್ಚಿನಲ್ಲಿ ಬರ್ತಾರೆ."

ಮೂರೂ ಇಪ್ಪತ್ತಕ್ಕೆ ಪೊಲೀಸರಿಬ್ಬರೂ ಎಂಟನೆಯ ಮನೆಗೆ ವಾಪಸಾದರು. ಮೆರ್ಲ್ ಮೂರು ಲೋಟ ಟೀ ಇಟ್ಟುಕೊಂಡು ಕೂತಿದ್ದಳು.

"ಏಳಕ್ಕೆ ಅಡ್ಡಗೆರೆ ಎಳೀತೀರಿ," ಎಂದಳು ಲೋರ್ನಾ.

"ಒಂದು ಅಂತ ಓದ್ಬಿಟ್ರೆ?" ಮೆರ್ಲ್ ನಕ್ಕಳು. "ಬರೀಬಾರದಿತ್ತು. ಬೆಂಕಿ ಹಚ್ಚಿದ್ಮೇಲೆ ಕೈ ತಾನಾಗೇ ಪೆನ್ಸಿಲ್‌ಗೆ ಹೋಯ್ತು."

"ನೀರು ಕದಡಿದ್ದನ್ನ ಕಚೇರಿಗೆ ಹೇಳಬಹುದಿತ್ತಲ್ಲ?"

ಮೆರ್ಲ್ ಡಬ್ಬಿಯಿಂದ ಹದಿನಾಲ್ಕು ಪತ್ರಗಳ ನಕಲು ತೆಗೆದಿಟ್ಟಳು. ಎಲ್ಲಕ್ಕೂ ಒಂದೇ ಒಕ್ಕಣೆಯ ಉತ್ತರ: ಕೆಳಗಿನ ದರ್ಜೆಯ ಕಟ್ಟೆ, ಸರದಿಯಲ್ಲಿ ಗಮನಿಸಲಾಗುವುದು.

"ಒಂದು ಅರ್ಥ ಆಗ್ಲಿಲ್ಲ," ಎಂದ ಟ್ಯಾಟ್‌ನೆಲ್, ಬರೆದುಕೊಳ್ಳುತ್ತಲೇ. "ಹೊಗೆ ಸರಿ, ಬಟ್ಟೆ ಸರಿ. ಗಂಜಿ ಯಾಕೆ? ರಸ್ತೆಗೆ ಕಾಣಲ್ವಲ್ಲ."

"ಮೊದಲು ಹೊಗೆ ಒಂದೇ ಮಾಡಿದ್ದು. ಆಮೇಲೆ ಅವರನ್ನ ಬರೀ ಹೊಟ್ಟೇಲಿ ಕೂರಿಸಿದ ಹಾಗನ್ನಿಸ್ತು."

"ಸರಿ. ದಿಂಬು ತಗ್ಗು ಮಾಡಿದ್ದು?"

ಮೆರ್ಲ್ ಲೋಟ ಕೆಳಗಿಟ್ಟಳು. "ದಿಂಬು ನಾನು ಮುಟ್ಟಿಲ್ಲ."

ಟ್ಯಾಟ್‌ನೆಲ್‌ನ ಪೆನ್ನು ನಿಂತಿತು. ಆ ಸಾಲನ್ನು ಅವನು ಹೇಳಿಕೆಯಲ್ಲಿ ಬರೆದುಕೊಳ್ಳಲಿಲ್ಲ.

ಮೂರೂ ಐವತ್ತೈದಕ್ಕೆ ಬಂಧನ. ಆರೋಪ: ಏಳು ಮನೆಗಳಿಗೆ ಅಕ್ರಮ ಪ್ರವೇಶ, ಸರಕಾರಿ ಎಣಿಕೆಯಲ್ಲಿ ಮೋಸ. ಕೆಲ್ವಿಯಿಂದ ನರ್ಸ್ ಬರುವ ತನಕ ಟ್ಯಾಟ್‌ನೆಲ್ ಊನಾಳ ಬಳಿ ಉಳಿದ. ಒಂದು ರಾತ್ರಿ ಠಾಣೆ, ಬೆಳಿಗ್ಗೆ ಜಾಮೀನು ಎಂದು ಮೆರ್ಲ್‌ಗೆ ತಿಳಿಸಲಾಯಿತು. "ಅವಳ ಮುಖ ಕಿಟಕಿ ಕಡೆ ಇರಲಿ," ಎಂದಷ್ಟೇ ಹೇಳಿ ಅವಳು ಕಾರು ಹತ್ತಿದಳು.

ಲೋರ್ನಾ ಕಟ್ಟೆಯ ಕಚೇರಿಗೆ ಬರೆಯಲೇಬೇಕಾದುದನ್ನು ಬರೆದಳು: ಕೆಳಗೆ ವಾಸವಿರುವವರು ಇಬ್ಬರು. ಆಮೇಲೆ ಮಹಜರಿನ ವಸ್ತುಗಳ ಪಟ್ಟಿಗೆ ಇನ್ನೊಂದನ್ನು ಸೇರಿಸಿದಳು. ವಸ್ತು ಹತ್ತೊಂಬತ್ತು: ಮೊಹರು ಮಾಡಿದ ಸೀಸೆ ಒಂದು, ಅಳತೆ ಕೊಠಡಿಯ ನೀರು, ಬಣ್ಣ ಕದಡಿದ್ದು, ಆರೋಪಿಯ ಉದ್ದೇಶಕ್ಕೆ ಪುರಾವೆ. ಪುರಾವೆಯೆಂದ ಮೇಲೆ ಅದನ್ನು ಸರಕಾರಿ ಪ್ರಯೋಗಾಲಯ ಹದಿನಾಲ್ಕು ದಿನದೊಳಗೆ ಪರೀಕ್ಷಿಸಬೇಕು, ವರದಿಯನ್ನು ಮ್ಯಾಜಿಸ್ಟ್ರೇಟರು ಓದಬೇಕು. ಅದಕ್ಕೆ ಯಾವ ದರ್ಜೆಯೂ ಅಡ್ಡಬರುವುದಿಲ್ಲ.

ಕೊನೆಯ ಅಂಕಣ 'ಅಪರಾಧಕ್ಕೆ ಪ್ರೇರಣೆ' ಎಂದಿತ್ತು. ಅಲ್ಲಿ ಸಾಮಾನ್ಯವಾಗಿ ಅವಳು ದ್ವೇಷ ಎಂದೋ ದುರಾಸೆ ಎಂದೋ ತುಂಬುತ್ತಿದ್ದಳು. ಈ ಸಲ ಬರೆದಳು: ಇಬ್ಬರು ಸಾಲದೆ ಹೋದದ್ದು.